ಕ್ಷೌರಕತ್ತಿಯ ಮೊದಲ ಪಾಠಗಳು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಅಧ್ಯಾಪಕನೊಬ್ಬನನ್ನು ವೇದಿಕೆಗೆ ಕರೆದರೆ ಆತನು ಪಂಪನಿಂದ ತೊಡಗಿ ಮುದ್ದಣನವರೆಗೆ ಬಂದು, ಗಡಿನಾಡಿನ ಕಷ್ಟಗಳನ್ನು ಹೇಳಿ ಕುಳಿತುಕೊಳ್ಳುವನೆಂಬುದು ಸಭಿಕರ ಎಣಿಕೆ. ಆ ಕಾರ್ಯವನ್ನು ಈ ದಿನ ಬೆಳಗಿನಿಂದ ನಮಗಿಂತ ಬಲ್ಲವರು ನೆರವೇರಿಸಿದ್ದಾರೆ. ಹತ್ತನೆಯ ತರಗತಿಯನ್ನು ಮುಗಿಸಿ ಹೊರಡುವ ಹುಡುಗರಿಗೆ ಉಪಯೋಗಕ್ಕೆ ಬೀಳುವಂತಹ ಒಂದು ವಿಷಯವನ್ನು ಕುರಿತು ಮಾತಾಡಬೇಕೆಂದು ಕಾರ್ಯಕಾರೀ ಸಮಿತಿಯವರು ನಮಗೆ ಅಪ್ಪಣೆಮಾಡಿದರು. ನಾವು ಕ್ಷೌರಕತ್ತಿಯನ್ನು ಆರಿಸಿಕೊಂಡೆವು. ಹಿಂದಿನ ಸಾಲಿನಲ್ಲಿ ನಗು ಕೇಳಿಸುತ್ತಿದೆ, ನಗಬಹುದು. ಆ ಸಾಲಿನಲ್ಲಿ ಕುಳಿತವರ ಮೇಲ್ದುಟಿಯ ಮೇಲೆಯೇ ಈ ಭಾಷಣದ ವಿಷಯವು ಮೊಳೆಯುತ್ತಿರುವುದು ನಮಗೆ ಇಲ್ಲಿಂದ ಕಾಣುತ್ತದೆ.

ಕ್ಷೌರಕತ್ತಿ ಎಂದು ನಾವು ಹೇಳುವುದು ಯಾವುದನ್ನೆಂಬುದು ಮೊದಲು ಸ್ಪಷ್ಟವಾಗಬೇಕು. ಪೇಟೆಯಲ್ಲಿ ಸಿಗುವ, ಎರಡು ಮೂರು ಅಲಗುಗಳನ್ನು ಪ್ಲಾಸ್ಟಿಕ್ಕಿನೊಳಗೆ ಅಡಗಿಸಿಟ್ಟ ಸಾಧನವಲ್ಲ. ಅಮೆರಿಕದ ಜಿಲೆಟ್ಟನ ಕಂಪೆನಿಯು ೧೯೦೩ರಲ್ಲಿ ಮಾರಾಟಕ್ಕೆ ತಂದ, ಬ್ಲೇಡು ಬದಲಿಸುವ ರೇಜರೂ ಅಲ್ಲ. ಅವೆರಡಕ್ಕೂ ಹಿಂದಿನದಾದ, ಒಂದೇ ಉದ್ದವಾದ ಅಲಗುಳ್ಳ, ಹಿಡಿಯೊಳಕ್ಕೆ ಮಡಿಸಿಕೊಳ್ಳುವ, ಬಾಯಿಗೆ ಯಾವ ಮರೆಯೂ ಇಲ್ಲದ ಕತ್ತಿ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಜೀವಿಸುವುದು. ರಳವು ಬಿದ್ದುಹೋದ ಮೇಲೆ ಎರಡೂ ಒಂದೇ ರೂಪವನ್ನು ತಳೆದುವು. ತಮಿಳರೂ ಮಲೆಯಾಳಿಗಳೂ ಆ ಭೇದವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಇದು ವ್ಯಾಕರಣದ ಮಾತು. ಅಧ್ಯಾಪಕನ ನಾಲಗೆಯ ಚಪಲವೆಂದು ಕ್ಷಮಿಸಿರಿ.

ಮೊದಲ ಬಾರಿಗೆ ಗಡ್ಡಕ್ಕೆ ಕತ್ತಿ ತಾಗಿಸುವುದು ನಮ್ಮ ಪೂರ್ವಿಕರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಗೃಹ್ಯಸೂತ್ರಗಳಲ್ಲಿ ‘ಕೇಶಾಂತ’ ಅಥವಾ ‘ಗೋದಾನ’ವೆಂಬ ಸಂಸ್ಕಾರವುಂಟು. ಹದಿನಾರನೆಯ ವಯಸ್ಸಿನ ಹುಡುಗನ ಗಡ್ಡಮೀಸೆಗಳನ್ನು ಮೊದಲಾಗಿ ತೆಗೆಯುವ ಸಮಾರಂಭವದು. ಅಥರ್ವವೇದದ ಆರನೆಯ ಕಾಂಡದ ಒಂದು ಸೂಕ್ತದಲ್ಲಿ ಸವಿತೃದೇವನು ಕ್ಷುರವನ್ನು ಹಿಡಿದು ಬರುತ್ತಾನೆ, ವಾಯುವು ಬಿಸಿನೀರನ್ನು ತರುತ್ತಾನೆ, ನೀರು ರೋಮವನ್ನು ತೋಯಿಸುತ್ತದೆ, ಅದಿತಿಯು ಗಡ್ಡವನ್ನು ಬೋಳಿಸಲೆಂದು ಪ್ರಾರ್ಥನೆ ನಡೆಯುತ್ತದೆ. ಕರ್ಣಾಟಕದಲ್ಲಿ ಈ ವೃತ್ತಿಯವರ ಸಮಾಜವು ‘ಸವಿತಾ ಸಮಾಜ’ವೆಂಬ ಹೆಸರನ್ನು ಧರಿಸಿರುವುದನ್ನು ಕೇಳಿದಾಗಲೆಲ್ಲ ನಮಗೆ ಈ ಸೂಕ್ತವು ನೆನಪಾಗುತ್ತದೆ. ವಿದ್ಯಾರ್ಥಿಗಳು ಇದರಲ್ಲಿ ಗಮನಿಸತಕ್ಕದ್ದು ಬಿಸಿನೀರನ್ನು. ಕತ್ತಿಯ ಜೊತೆಯಲ್ಲಿಯೇ ಬಿಸಿನೀರು ಬೇಕೆಂಬುದನ್ನು ಮಂತ್ರದ್ರಷ್ಟಾರರೂ ಮರೆತಿರಲಿಲ್ಲ.

ತಾನೇ ತನ್ನ ಮುಖಕ್ಷೌರವನ್ನು ಮಾಡಿಕೊಳ್ಳುವ ಕಲೆಯನ್ನು ಹೊಸಬರಿಗೆ ಕಲಿಸುವುದಕ್ಕಾಗಿಯೇ ಪುಸ್ತಕ ಬರೆದವನು ಫ್ರಾನ್ಸಿನ ಪೆರೆ ಎಂಬ ಕತ್ತಿಗಾರ. ಅದು ೧೭೬೯ರಲ್ಲಿ ಪ್ರಕಟವಾಯಿತು. ಕೈ ತಪ್ಪಿದರೂ ಆಳವಾಗಿ ಕೊಯ್ಯದಂತೆ ಅಲಗಿಗೆ ಮರದ ಕಾಪನ್ನು ತೊಡಿಸುವ ಉಪಾಯವನ್ನೂ ಆತನು ಹೂಡಿದ್ದನು. ಅದೇ ಶತಮಾನದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ, ಬಡ ತರುಣನೊಬ್ಬನಿಗೆ ಸಾವಿರ ಗಿನಿ ನಾಣ್ಯಗಳನ್ನು ಕೊಡುವುದಕ್ಕಿಂತ ತನ್ನ ಕ್ಷೌರವನ್ನು ತಾನೇ ಮಾಡಿಕೊಂಡು ಕತ್ತಿಯನ್ನು ಸುಸ್ಥಿತಿಯಲ್ಲಿಡುವುದನ್ನು ಕಲಿಸಿದರೆ ಆತನ ಸುಖಕ್ಕೆ ಹೆಚ್ಚು ನೆರವಾದಂತಾಗಬಹುದು ಎಂಬರ್ಥದ ಮಾತನ್ನು ಹೇಳಿದ್ದಾನೆ. ಹಣವು ಬೇಗನೆ ಖರ್ಚಾಗುತ್ತದೆ, ಕೈಗೆ ಬಂದ ವಿದ್ಯೆ ದಿನದಿನವೂ ಫಲ ಕೊಡುತ್ತದೆ ಎಂಬುದು ಆತನ ವಾದ. ಇಷ್ಟನ್ನು ನಾವು ಒಪ್ಪುವೆವು. ಆದರೆ ಅದೇ ಉಸಿರಿನಲ್ಲಿ ಆತನು ಕ್ಷೌರಿಕರ ಕೊಳಕು ಬೆರಳು, ಮೊಂಡು ಕತ್ತಿಗಳನ್ನು ಹಳಿದು, ಅವರಿಂದ ಬಿಡುಗಡೆ ಸಿಗುವುದೇ ಒಂದು ಲಾಭವೆನ್ನುತ್ತಾನೆ. ಆ ಮಾತು ನಮಗೆ ರುಚಿಸದು. ಕತ್ತಿಯನ್ನು ಕೈಯಲ್ಲಿ ಹಿಡಿದ ಮೇಲೆ ನಮಗೆ ತಿಳಿದುಬಂದುದು ಅದಕ್ಕೆ ತೀರ ವಿರುದ್ಧವಾದುದು.

ನಾವು ಈ ಕಲಿಕೆಗೆ ತೊಡಗಿದುದಕ್ಕೆ ಕಾರಣವು ಶಾಲೆಯ ಒಂದು ಅರ್ಜಿಯ ನಮೂನೆ. ಕೆಲವು ವರ್ಷಗಳ ಹಿಂದೆ, ತಂದೆಯ ವೃತ್ತಿ ಎಂಬ ಅಂಕಣದಲ್ಲಿ ಒಬ್ಬ ಹುಡುಗನು ‘ವ್ಯಾಪಾರ’ ಎಂದು ಬರೆದು, ನಮ್ಮ ಮುಖವನ್ನು ನೋಡದೆ ಕಾಗದವನ್ನು ಮೇಜಿನ ಮೇಲಿರಿಸಿ ಹೋದನು. ಆತನ ತಂದೆಯದು ಕ್ಷೌರದಂಗಡಿ ಎಂಬುದು ತರಗತಿಗೆಲ್ಲ ಗೊತ್ತಿತ್ತು. ನಮ್ಮ ಸೀಮೆಯ ಕನ್ನಡದಲ್ಲಿ ಈ ವೃತ್ತಿಯವನನ್ನು ‘ಕೆಲಸಿ’ ಎನ್ನುತ್ತಿದ್ದರು. ಕೆಲಸ ಮಾಡುವವನು ಎಂದಷ್ಟೇ ಆ ಶಬ್ದದ ಅರ್ಥ. ಲೋಕದಲ್ಲಿ ಎಲ್ಲರೂ ಕೆಲಸ ಮಾಡುವವರೇ ಆಗಿರಲು, ಆ ಹೆಸರಿಗೆ ಪಾತ್ರನಾದವನು ಮಾತ್ರ ಅದನ್ನು ಮುಚ್ಚಿಡುವಂತಾದುದು ಶಬ್ದದ ದೋಷವಲ್ಲ. ಆ ಹುಡುಗನನ್ನು ನಾವು ಏನನ್ನೂ ಕೇಳಲಿಲ್ಲ. ಆದರೆ ಆ ವಿದ್ಯೆ ಎಂತಹದೆಂಬುದನ್ನು ಹೊರಗಿನಿಂದ ನೋಡಿ ಹೇಳದೆ, ಅಕ್ಷರಾಭ್ಯಾಸದಿಂದ ತೊಡಗಿ ಕಲಿತು ನೋಡಬೇಕೆಂಬ ಆಸೆ ಹುಟ್ಟಿತು. ನಮ್ಮ ಪೇಟೆಯಲ್ಲಿ ಹಳೆಯ ಕತ್ತಿಯನ್ನು ಇನ್ನೂ ಇಟ್ಟುಕೊಂಡಿರುವ ಹಿರಿಯರೊಬ್ಬರಿದ್ದಾರೆ. ರಜಾದಿನಗಳ ಮಧ್ಯಾಹ್ನ, ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ, ಅವರಲ್ಲಿಗೆ ಹೋಗತೊಡಗಿದೆವು. ಸಪ್ತಭಾಷಾ ಸಂಗಮವೆಂದು ಕಾಸರಗೋಡನ್ನು ಹೊಗಳುವವರು ಅಂತಹ ಅಂಗಡಿಯಲ್ಲಿ ಒಂದು ಗಂಟೆ ಕುಳಿತುಕೊಳ್ಳಬೇಕು. ಒಂದೇ ಕುರ್ಚಿಯಲ್ಲಿ ತುಳು, ಮಲೆಯಾಳ, ಕನ್ನಡ, ಕೊಂಕಣಿಗಳು ಸರದಿಯಂತೆ ಕುಳಿತು ಏಳುವುದನ್ನು ಅಲ್ಲಿ ಕಾಣಬಹುದು. ‘ಕತ್ತಿ’ ಎಂಬ ಪದವಂತೂ ಕನ್ನಡ, ತುಳು, ಮಲೆಯಾಳ ಮೂರಕ್ಕೂ ಸಮಾನವಾದುದು.

ಮೊದಲ ದಿನ ಅವರು ನಮ್ಮ ಕೈಗೆ ಕತ್ತಿಯನ್ನು ಕೊಡಲಿಲ್ಲ. “ಮಾಷ್ಟ್ರೇ, ಮೊದಲು ಇದರ ಮೈ ನೋಡಿ” ಎಂದು ಬೆಳಕಿಗೆ ಹಿಡಿದು ತೋರಿಸಿದರು. ಅಲಗಿನ ಮೇಲುಭಾಗವು ದಪ್ಪನೆಯ ಬೆನ್ನು. ಅಲ್ಲಿಂದ ಬಾಯಿಯ ಕಡೆಗೆ ಬರುತ್ತ ಎರಡು ಪಕ್ಕಗಳೂ ಒಳಕ್ಕೆ ತಗ್ಗಾಗಿ, ಕೊನೆಗೆ ಕಾಗದಕ್ಕಿಂತ ತೆಳುವಾಗುತ್ತವೆ. ಈ ತಗ್ಗು ಬರುವಂತೆ ಉರುಟು ಸಾಣೆಯ ಮೇಲೆ ಅರೆಯುವುದು ಕತ್ತಿಗಾರರ ದೊಡ್ಡ ಕೌಶಲ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಎಂಬ ಎರಡು ಪಟ್ಟಣಗಳು ಇದರಿಂದಲೇ ಲೋಕಪ್ರಸಿದ್ಧವಾದುವು. ಆದರೆ ಕನ್ನಡಿಗರು ಇಲ್ಲಿ ಬರಿಗೈಯವರಲ್ಲ. ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ನಮ್ಮ ದಕ್ಷಿಣದೇಶದ ಉಕ್ಕು ಯುರೋಪಿನಲ್ಲಿ ‘ವೂಟ್ಜ್’ ಎಂಬ ಹೆಸರಿನಿಂದ ವಿಖ್ಯಾತವಾಯಿತು. ಆ ಹೆಸರು ‘ಉಕ್ಕು’ ಎಂಬ ಪದದ ವಿಕಾರವೆಂದು ಹೇಳುತ್ತಾರೆ. ಸ್ಟೋಡಾರ್ಟ್ ಎಂಬ ಲಂಡನ್ನಿನ ಕತ್ತಿಗಾರನು ಈ ಉಕ್ಕನ್ನು ವರ್ಷಗಟ್ಟಲೆ ಪರೀಕ್ಷಿಸಿ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚುಹಾಕಿಸಿ, ಅದರಿಂದ ವೈದ್ಯರ ಶಸ್ತ್ರಗಳನ್ನೂ ಕ್ಷೌರಕತ್ತಿಗಳನ್ನೂ ಮಾಡುತ್ತಿದ್ದನು. ಮುಂದೆ ವಿದ್ಯುಚ್ಛಾಸ್ತ್ರದಲ್ಲಿ ಹೆಸರಾದ ಮೈಕೇಲ್ ಫ್ಯಾರಡೆಯು ೧೮೨೦ರ ಸುಮಾರಿಗೆ ಈತನೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗವನ್ನು ನಡೆಸಿದನು. ಆ ಲೋಹದಿಂದ ಮಾಡಿಸಿದ ಕ್ಷೌರಕತ್ತಿಗಳನ್ನು ಸ್ನೇಹಿತರಿಗೆ ಹಂಚಿದನು.

ಹೊಸಬನು ಕೊಳ್ಳುವ ಕತ್ತಿಯ ಅಗಲ ಒಂದು ಅಂಗುಲದ ಎಂಟು ಪಾಲುಗಳಲ್ಲಿ ಐದೋ ಆರೋ ಪಾಲಿನಷ್ಟು, ಎಂದರೆ ೧೬ರಿಂದ ೧೯ ಮಿಲಿಮೀಟರ್, ಇದ್ದರೆ ಸಾಕು. ತುದಿಯು ಉರುಟಾಗಿರಬೇಕು. ಚೌಕತುದಿಯು ನೋಡುವುದಕ್ಕೆ ಗಂಭೀರವಾದರೂ ಕಿವಿಯ ಬುಡದಲ್ಲಿ ಅದು ಮಾಡುವ ಅನ್ಯಾಯವನ್ನು ಮುಂದಾಗಿ ತಿಳಿಯುವುದು ಕಷ್ಟ. ಕತ್ತಿಯ ಹೊಳಪನ್ನು, ದಂತದಂತಹ ಹಿಡಿಯನ್ನು ನೋಡಿ ಮರುಳಾಗಬಾರದು. ಹೊಸ ಕತ್ತಿಗಳಲ್ಲಿಯೂ ಹಲವು, ಪೆಟ್ಟಿಗೆಯಿಂದ ತೆಗೆದೊಡನೆ ಮುಖಕ್ಕೆ ಹಿಡಿಯುವ ಹದದಲ್ಲಿ ಇರುವುದಿಲ್ಲ. ಅವನ್ನು ಕಲ್ಲಿನ ಮೇಲೆ ಮಸೆಯಬೇಕು. ಸಾವಿರದ ನಂಬರಿನ ಒರಟು ಕಲ್ಲಿನಿಂದ ತೊಡಗಿ, ನಾಲ್ಕು ಸಾವಿರ, ಎಂಟು ಸಾವಿರ, ಹನ್ನೆರಡು ಸಾವಿರ ಎಂದು ಒಂದಕ್ಕಿಂತ ಒಂದು ನಯವಾದ ಕಲ್ಲುಗಳ ಮೇಲೆ, ಬಾಯಿಯನ್ನು ಮುಂದುಮಾಡಿ, ಬೆನ್ನನ್ನೂ ಬಾಯಿಯನ್ನೂ ಒಟ್ಟಿಗೆ ಕಲ್ಲಿಗೆ ತಾಗಿಸಿ ನಡೆಸುವ ಕೆಲಸವದು. ಬೆನ್ನಿನ ದಪ್ಪವೇ ಕೋನವನ್ನು ನಿರ್ಣಯಿಸುವುದರಿಂದ ಬಾಯಿಯ ಎರಡು ಮಗ್ಗುಲುಗಳು ಸುಮಾರು ೧೬ ಅಥವಾ ೧೭ ಡಿಗ್ರಿಯಲ್ಲಿ ಕೂಡುತ್ತವೆ. ಅಳತೆಯ ಗೊಡವೆ ಬೇಡ. ಆದರೂ ಹೊಸಬನು ಇದಕ್ಕೆ ಕೈಹಚ್ಚದೆ ಬಲ್ಲವರಿಂದ ಮಾಡಿಸಿಕೊಳ್ಳುವುದು ಲೇಸು. ಹರಿತವಿಲ್ಲದ ಕತ್ತಿಯಿಂದ ಕಲಿಯಹೊರಟವನು ತನ್ನ ಕೈಯ ತಪ್ಪು ಯಾವುದು, ಕತ್ತಿಯ ತಪ್ಪು ಯಾವುದು ಎಂಬುದನ್ನು ಅರಿಯಲಾರನು. ಮೊಂಡು ಕತ್ತಿಯೇ ಹೆಚ್ಚು ಕೊಯ್ಯುತ್ತದೆ. ಅದು ರೋಮವನ್ನು ಕಡಿಯದೆ ಎಳೆಯುತ್ತದೆ. ಎಳೆದಾಗ ಹೊಸಬನು ಒತ್ತುತ್ತಾನೆ. ಒತ್ತಿದಾಗ ರಕ್ತ ಬರುತ್ತದೆ.

ಆ ಬಳಿಕದ್ದು ಚರ್ಮದ ಪಟ್ಟಿ. ನಮ್ಮ ಕಲಿಕೆಯ ಮೊದಲ ಮೂರು ವಾರಗಳು ಇದರಲ್ಲಿಯೇ ಕಳೆದುವು. ಪಟ್ಟಿಯ ಒಂದು ತುದಿಯನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಬೇಕು. ಪಟ್ಟಿ ಜೋಲಿದರೆ ಬಾಯಿಯು ದುಂಡಗಾಗಿ ಹರಿತವು ಕೆಡುತ್ತದೆ. ಕತ್ತಿಯನ್ನು ಚಪ್ಪಟೆಯಾಗಿ ಮಲಗಿಸಿ, ಬೆನ್ನನ್ನು ಮುಂದುಮಾಡಿ ನಡೆಸಬೇಕು. ಕಲ್ಲಿನ ಮೇಲೆ ಬಾಯಿ ಮುಂದೆ, ಚರ್ಮದ ಮೇಲೆ ಬೆನ್ನು ಮುಂದೆ. ಪಟ್ಟಿಯ ಕೊನೆಗೆ ತಲಪಿದೊಡನೆ ಕತ್ತಿಯನ್ನು ಎತ್ತದೆ, ಬೆನ್ನಿನ ಮೇಲೆಯೇ ಹೊರಳಿಸಿ ಮರಳಿ ತರಬೇಕು. ಬಾಯಿಯ ಕಡೆಯಿಂದ ಹೊರಳಿಸಿದರೆ ಪಟ್ಟಿಯೂ ಹೋಯಿತು, ಬಾಯಿಯೂ ಹೋಯಿತು. ಮೊದಲು ಕ್ಯಾನ್ವಾಸಿನ ಮೇಲೆ ಇಪ್ಪತ್ತು ಮೂವತ್ತು ಬಾರಿ, ಬಳಿಕ ಚರ್ಮದ ಮೇಲೆ ಐವತ್ತು ಬಾರಿ. ಪ್ರತಿಯೊಂದು ಕ್ಷೌರಕ್ಕೆ ಮುಂಚೆಯೂ ಇದು ನಡೆಯಬೇಕು. ಆ ಹಿರಿಯರು ಕಣ್ಣುಮುಚ್ಚಿ ಕೇಳುತ್ತಿದ್ದರು. ಮದ್ದಳೆಯ ಶ್ರುತಿ ಸೇರಿದೆಯೇ ಇಲ್ಲವೇ ಎಂದು ಭಾಗವತರು ಆಲಿಸುವಂತೆ, ಕತ್ತಿ ಚರ್ಮದ ಮೇಲೆ ಹೋಗುವ ಸದ್ದಿನಿಂದಲೇ ಕೈಯ ಭಾರವನ್ನು ಅವರು ತಿಳಿಯುತ್ತಿದ್ದರು. “ಮಾಷ್ಟ್ರೇ, ಕೈ ಹಗುರ ಬಿಡಿ. ಅದು ಹಿಡಿಸೂಡಿ ಅಲ್ಲ” ಎಂಬುದು ಅವರು ಹೇಳಿಕೊಟ್ಟ ಪಾಠದಲ್ಲಿ ಮುಕ್ಕಾಲು ಪಾಲು. ಉಳಿದ ಕಾಲು ಪಾಲನ್ನು ಅವರು ಹೇಳದೆ, ತನ್ನ ಅಂಗೈಯ ಮೇಲೆ ಅಲಗನ್ನು ಎರಡು ಸಲ ತೀಡಿ ತೋರಿಸುವರು. ಆ ಅಂಗೈಯ ಪ್ರಯೋಗವನ್ನು ಹೊಸಬರು ಯಾರೂ ಅನುಕರಿಸತಕ್ಕದ್ದಲ್ಲ.

ಉಕ್ಕಿನಂತಹ ಗಟ್ಟಿ ವಸ್ತುವಿಗೆ ಕೂದಲಿನಿಂದ ಹಾನಿಯಾಗುವುದೆಂತು ಎಂದು ನಮ್ಮ ವಿದ್ಯಾರ್ಥಿಗಳು ಕೇಳಬಹುದು. ಉಕ್ಕು ಕೂದಲಿಗಿಂತ ಸುಮಾರು ಐವತ್ತು ಪಾಲು ಗಟ್ಟಿ. ಈ ಪ್ರಶ್ನೆಯನ್ನು ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, ೨೦೨೦ರಲ್ಲಿ ಉತ್ತರವನ್ನು ಪ್ರಕಟಿಸಿದರು. ಬಾಯಿಯು ಸವೆದು ದುಂಡಗಾಗುವುದಕ್ಕಿಂತ ಹೆಚ್ಚಾಗಿ, ಕೂದಲು ಬಾಗಿ ಅಲಗಿಗೆ ಓರೆಯಾಗಿ ತಾಗಿದಲ್ಲಿ, ಉಕ್ಕಿನ ರಚನೆಯು ಏಕಪ್ರಕಾರವಾಗಿಲ್ಲದ ಕಡೆ, ಅತಿ ಸೂಕ್ಷ್ಮವಾದ ಚೂರುಗಳು ಹಾರಿಹೋಗುತ್ತವೆಂಬುದು ಅವರ ನಿರ್ಣಯ. ಅವರು ನೋಡಿದುದು ಬಿಸಾಡುವ ರೇಜರಿನ ಅಲಗನ್ನು. ಆದರೂ ಕತ್ತಿಯ ಬಾಯಿ ಎಷ್ಟು ಕೋಮಲವಾದ ವಸ್ತುವೆಂಬುದು ಅದರಿಂದ ಮನವರಿಕೆಯಾಗುತ್ತದೆ. ಒಣಗಡ್ಡಕ್ಕೆ ಕತ್ತಿಯಿಡಬಾರದೆಂದು ಹಿರಿಯರು ಹೇಳುವುದು ಮುಖದ ಮೇಲಿನ ಮರುಕದಿಂದ ಮಾತ್ರವಲ್ಲ, ಕತ್ತಿಯ ಮೇಲಿನ ಮರುಕದಿಂದ ಕೂಡ.

ಇನ್ನು ಮುಖಕ್ಕೆ ಬರುವೆವು. ಕತ್ತಿಯನ್ನು ಮುಟ್ಟುವುದಕ್ಕೆ ಮೊದಲು ಹುಡುಗನು ಎರಡು ದಿನಗಳ ಗಡ್ಡವನ್ನು ಬಿಟ್ಟು, ಬೆರಳ ತುದಿಯಿಂದ ಮುಖವನ್ನೆಲ್ಲ ಸವರಿ, ರೋಮವು ಎಲ್ಲೆಲ್ಲಿ ಯಾವ ಕಡೆಗೆ ಮಲಗಿದೆಯೆಂಬುದನ್ನು ತಿಳಿಯಬೇಕು. ನಯವಾಗಿ ತೋರಿದ ದಿಕ್ಕು ರೋಮದ ದಿಕ್ಕು. ಒರಟಾಗಿ ತೋರಿದುದು ಎದುರು ದಿಕ್ಕು. ಕೆನ್ನೆಯಲ್ಲಿ ಕೆಳಮುಖವಾಗಿರುವುದು ಸಾಮಾನ್ಯ. ಕುತ್ತಿಗೆಯಲ್ಲಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಬಗೆ. ಕೆಲವರಲ್ಲಿ ಹೊಳೆಯ ಸುಳಿಯಂತೆ ಸುತ್ತಿರುತ್ತದೆ. ಬೇಕಾದರೆ ಕಾಗದದ ಮೇಲೆ ಮುಖವನ್ನು ಬರೆದು ಬಾಣದ ಗುರುತುಗಳನ್ನು ಹಾಕಿಕೊಳ್ಳಲಿ. ಭೂಗೋಳದ ನಕ್ಷೆಗಿಂತ ಇದು ಕಠಿನವಲ್ಲ.

ಸ್ನಾನವಾದೊಡನೆ ಕ್ಷೌರಕ್ಕೆ ಕುಳಿತರೆ ಒಳ್ಳೆಯದು. ಇಲ್ಲವಾದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಎರಡು ಮೂರು ನಿಮಿಷ ಮುಖಕ್ಕೆ ಹಿಡಿಯಬೇಕು. ರೋಮವು ನೀರನ್ನು ಕುಡಿದು ಮೆತ್ತಗಾಗುತ್ತದೆ. ಸಾಬೂನನ್ನು ಬ್ರಶ್ಶಿನಿಂದ ಚೆನ್ನಾಗಿ ಕಡೆದು, ಮೊಸರಿನಂತಹ ನೊರೆಯನ್ನು ರೋಮದ ಬುಡಕ್ಕೆ ಹೋಗುವಂತೆ ತೀಡಬೇಕು. ಗುಳ್ಳೆಗುಳ್ಳೆಯಾದ ನೊರೆಯು ಕಣ್ಣಿಗೆ ದೊಡ್ಡದಾಗಿ ಕಂಡರೂ ಪ್ರಯೋಜನಕ್ಕಿಲ್ಲ. ಕೈಗಳನ್ನು ಒರಸಿ ಒಣಗಿಸಿಕೊಳ್ಳುವುದು ಇಲ್ಲಿ ಅತಿ ಮುಖ್ಯ; ಸಾಬೂನಿನ ಕೈಯಲ್ಲಿ ಕತ್ತಿ ನಿಲ್ಲದು.

ಕತ್ತಿಯನ್ನು ಹಿಡಿಯುವ ಕ್ರಮ ಹೀಗೆ. ಅಲಗು ಮುಗಿದು ಹಿಡಿಯು ತೊಡಗುವ ಮಧ್ಯದಲ್ಲಿ ಕತ್ತಿಗೊಂದು ಕುತ್ತಿಗೆಯುಂಟು. ಅದರ ಬೆನ್ನಿನ ಮೇಲೆ ಮೂರು ಬೆರಳುಗಳು, ಹಿಂದೆ ಬಾಗಿದ ಬಾಲದ ಮೇಲೆ ಕಿರುಬೆರಳು, ಅಡಿಯಲ್ಲಿ ಹೆಬ್ಬೆರಳು. ಹಿಡಿಯು ಮೇಲ್ಮುಖವಾಗಿ ತೆರೆದು ನಿಂತಿರಬೇಕು. ಲೇಖನಿಯನ್ನು ಹಿಡಿದಷ್ಟು ಬಿಗಿ ಸಾಕು. ಅಲಗನ್ನು ಕೆನ್ನೆಗೆ ಚಪ್ಪಟೆಯಾಗಿ ತಾಗಿಸಿ, ಬೆನ್ನನ್ನು ಮಾತ್ರ ಅದರ ಒಂದೂವರೆ ದಪ್ಪದಷ್ಟು ಎತ್ತಿದರೆ ಸರಿಯಾದ ಕೋನ ಬರುತ್ತದೆ. ಸುಮಾರು ೩೦ ಡಿಗ್ರಿ. ಅದಕ್ಕಿಂತ ಹೆಚ್ಚು ನಿಲ್ಲಿಸಿದರೆ ಚರ್ಮವನ್ನು ಹೆರೆಯುತ್ತದೆ, ತೀರ ಮಲಗಿಸಿದರೆ ರೋಮವನ್ನು ಎಳೆಯುತ್ತದೆ.

ಹೊಸಬರಿಗೆ ಬಲಗೈ ಮಾತ್ರ ಕೆಲಸ ಮಾಡುವುದೆಂಬ ಭ್ರಮೆಯಿರುತ್ತದೆ. ಎಡಗೈಯದು ಅದಕ್ಕಿಂತ ದೊಡ್ಡ ಕೆಲಸ. ಕಿವಿಯ ಮುಂದಿನ ಚರ್ಮವನ್ನು ಮೇಲಕ್ಕೆಳೆದು, ಭರಣಿಗೆ ಬಟ್ಟೆ ಬಿಗಿದಂತೆ ಸಮತಲವನ್ನು ಮಾಡಿಕೊಟ್ಟ ಮೇಲೆಯೇ ಕತ್ತಿ ಚಲಿಸತಕ್ಕದ್ದು. ಒಂದೊಂದು ಎಳೆತವೂ ಒಂದು ಅಂಗುಲಕ್ಕಿಂತ ಹೆಚ್ಚಬಾರದು. ಸಭೆಯಲ್ಲಿರುವ ತಾಯಂದಿರು ಈ ಮಾತನ್ನು ನಮಗಿಂತ ಚೆನ್ನಾಗಿ ಬಲ್ಲರು. ಮೆಟ್ಟುಕತ್ತಿಯ ಮುಂದೆ ಕುಳಿತ ಗೃಹಿಣಿಯು ಸೌತೆಕಾಯನ್ನು ಕತ್ತಿಗೆ ಗುದ್ದುವುದಿಲ್ಲ; ಕತ್ತಿಯ ಬಳಿಗೆ ತಂದು ಜಾರಿಸುತ್ತಾಳೆ. ಕೊಯ್ಯುವುದು ಬಾಯಿ, ತೋಳಿನ ಬಲವಲ್ಲ. ಕತ್ತಿಯ ಸ್ವಂತ ಭಾರಕ್ಕಿಂತ ಹೆಚ್ಚಿನ ಭಾರವನ್ನು ಕೆನ್ನೆಯ ಮೇಲೆ ಹಾಕಕೂಡದು. ಇನ್ನೊಂದು ನಿಯಮವನ್ನು ಎಂದಿಗೂ ಮರೆಯಬಾರದು: ಕತ್ತಿಯು ಬಾಯಿಯ ನೇರಕ್ಕೆ ಅಡ್ಡವಾಗಿ ಚಲಿಸಬೇಕೇ ಹೊರತು, ಬಾಯಿಯ ಉದ್ದಕ್ಕೆ ಗರಗಸದಂತೆ ಜಾರಬಾರದು. ಆಳವಾದ ಗಾಯಗಳೆಲ್ಲ ಆ ಜಾರುವಿಕೆಯಿಂದ ಆಗುವಂಥವು.

ಮೊದಲ ದಿನ ಒಂದು ಕೆನ್ನೆ, ಅದೂ ರೋಮದ ದಿಕ್ಕಿನಲ್ಲಿ, ಒಂದೇ ಸಲ. ಉಳಿದ ಮುಖವನ್ನು ದಿನನಿತ್ಯದ ರೇಜರಿನಿಂದ ಮುಗಿಸಬೇಕು. ಒಂದು ವಾರದವರೆಗೆ ಕೆನ್ನೆಗಳನ್ನು ಬಿಟ್ಟು ಮುಂದೆ ಹೋಗಬಾರದು. ಎಡಕೆನ್ನೆಗೆ ಎಡಗೈಯಲ್ಲಿ ಕತ್ತಿ ಹಿಡಿಯಬೇಕೆಂದು ಕೆಲವರೂ, ಬಲಗೈಯನ್ನೇ ಮುಖದ ಅಡ್ಡಕ್ಕೆ ತಂದರೆ ಸಾಕೆಂದು ಕೆಲವರೂ ಹೇಳುತ್ತಾರೆ. ಎಡಗೈಯನ್ನು ಮೊದಲಿನಿಂದಲೇ ರೂಢಿಸಿಕೊಳ್ಳುವುದು ಮೇಲೆಂದು ನಮ್ಮ ಮತ. ಕೈ ಕಣ್ಣಿಗೆ ಅಡ್ಡ ಬರುವುದಿಲ್ಲ. ಎರಡನೆಯ ವಾರದಲ್ಲಿ ದವಡೆಯ ಅಂಚು, ಆಮೇಲೆ ಕುತ್ತಿಗೆ. ಗಂಟಲಿನ ಉಬ್ಬಿನ ಮೇಲೆ ಚರ್ಮವನ್ನು ಪಕ್ಕಕ್ಕೆ ಸರಿಸಿಕೊಂಡು, ಸಮತಟ್ಟಾದ ಕಡೆಯಲ್ಲಿ ತೆಗೆಯಬೇಕು. ಗದ್ದವೂ ಮೇಲ್ದುಟಿಯೂ ಕಟ್ಟಕಡೆಗೆ. ಗದ್ದವು ಉಬ್ಬು ತಗ್ಗುಗಳ ಗುಡ್ಡೆ. ರೋಮವೂ ಅಲ್ಲಿ ಬಿರುಸು. ಯಕ್ಷಗಾನದಲ್ಲಿ ಸ್ತ್ರೀವೇಷಕ್ಕೆ ಮೇಲ್ದುಟಿಯನ್ನು ನಯಮಾಡಿಕೊಳ್ಳುವ ಕಲಾವಿದರನ್ನು ಕೇಳಿದರೆ ಆ ಅರ್ಧ ಅಂಗುಲದ ಕಷ್ಟವನ್ನು ಹೇಳುವರು. ರೋಮದ ಎದುರು ದಿಕ್ಕಿಗೆ ಕತ್ತಿಯನ್ನು ನಡೆಸುವ ಯೋಚನೆಯನ್ನು ತಿಂಗಳುಗಟ್ಟಲೆ ದೂರವಿಡಬೇಕು. ಕೈ ಕುದುರುವುದಕ್ಕೆ ನೂರು ಬಾರಿಯ ಅಭ್ಯಾಸ ಬೇಕೆಂಬುದು ಬಲ್ಲವರ ಲೆಕ್ಕ. ಹೊತ್ತು ಮೀರಿ ಎದ್ದ ದಿನ, ಕೋಪ ಬಂದ ದಿನ, ಕೈ ನಡುಗುವ ದಿನ ಕತ್ತಿಯನ್ನು ತೆರೆಯಲೇಬಾರದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರಿಗೂ, ಮುಖದಲ್ಲಿ ಚರ್ಮರೋಗವಿರುವವರಿಗೂ ಈ ವಿದ್ಯೆ ಹೇಳಿದುದಲ್ಲ.

ಸಣ್ಣಪುಟ್ಟ ಗೀರುಗಳಿಗೆ ತಣ್ಣೀರು ಮತ್ತು ಪಟಿಕದ ಗಡ್ಡೆ ಸಾಕು. ಪಟಿಕವು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕ್ಷೌರದ ಬಳಿಕ ಒದ್ದೆಮುಖಕ್ಕೆ ಅದನ್ನು ಸವರಿದಾಗ ಎಲ್ಲಿ ಉರಿಯಿತೋ ಅಲ್ಲಿ ಕೈ ಒತ್ತಿದೆಯೆಂದು ತಿಳಿಯಬೇಕು. ಅಷ್ಟು ನಿಷ್ಪಕ್ಷಪಾತವಾದ ಪರೀಕ್ಷಕನನ್ನು ನಾವು ಯಾವ ಪರೀಕ್ಷಾಮಂಡಲಿಯಲ್ಲಿಯೂ ಕಂಡಿಲ್ಲ. ಕತ್ತಿ ಕೈಯಿಂದ ಜಾರಿದರೆ ಹಿಡಿಯಹೋಗದೆ ಹಿಂದಕ್ಕೆ ಸರಿಯಬೇಕು. ಎರಡು ಎಳೆತಗಳ ನಡುವೆ ಕೆಳಗಿಡಬೇಕಾಗಿ ಬಂದರೂ ಮಡಿಸಿಯೇ ಇಡಬೇಕು. ಚಿಕ್ಕಮಕ್ಕಳಿರುವ 	ಮನೆಯಲ್ಲಿ ಅದಕ್ಕೆ ಬೀಗವಿರಲಿ.

ನಮ್ಮ ಕರಾವಳಿಯಲ್ಲಿ ಕತ್ತಿಗೆ ದೊಡ್ಡ ಶತ್ರು ಗಡ್ಡವಲ್ಲ, ಮಳೆಗಾಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ, ಆಟಿ ತಿಂಗಳಿನಲ್ಲಿ ಗೋಡೆಯೇ ಬೆವರುವಾಗ, ಒಂದು ರಾತ್ರಿಯ ತೇವವು ಬಾಯಿಯಲ್ಲಿ ತುಕ್ಕಿನ ಚುಕ್ಕಿಗಳನ್ನಿಡಲು ಸಾಕು. ಬಳಸಿದೊಡನೆ ತೊಳೆದು, ಮೆತ್ತನೆಯ ಬಟ್ಟೆಯಿಂದ ಬೆನ್ನಿನಿಂದ ಬಾಯಿಯ ಕಡೆಗೆ ಒರಸಿ, ತೆಳುವಾಗಿ ಎಣ್ಣೆ ಸವರಬೇಕು. ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು. ತೆಂಗಿನೆಣ್ಣೆಯ ಮೇಲೆ ನಮಗೆಲ್ಲ ಅಭಿಮಾನವುಂಟಾದರೂ ದಿನ ಕಳೆದಂತೆ ಅದು ಅಂಟಾಗುತ್ತದೆ. ಕತ್ತಿಯನ್ನು ಸ್ನಾನದ ಕೋಣೆಯಲ್ಲಿ ಇಡಲೇಬಾರದು.

ಇಷ್ಟನ್ನು ತನ್ನ ಮುಖದ ಮೇಲೆ ತಾನೇ ಮಾಡಿಕೊಳ್ಳುವವನಿಗೆ ಒಂದು ಅನುಕೂಲವಿದೆ. ಒತ್ತಡ ಹೆಚ್ಚಿದರೆ ಕೈಗಿಂತ ಮುಂಚೆ ಕೆನ್ನೆಗೆ ತಿಳಿಯುತ್ತದೆ. ಇನ್ನೊಬ್ಬರ ಮುಖದ ಮೇಲೆ ಕತ್ತಿಯಿಡುವವನಿಗೆ ಆ ಕೆನ್ನೆಯ ಸಹಾಯವಿಲ್ಲ. ಅಪರಿಚಿತನ ಚರ್ಮ, ಅಪರಿಚಿತನ ರೋಮದ ದಿಕ್ಕು, ಮಾತಾಡುತ್ತ ಅಲ್ಲಾಡುವ ಗದ್ದ. ಇವೆಲ್ಲವನ್ನು ಆತನು ಬೆರಳ ತುದಿಯಿಂದಲೇ ಓದಬೇಕು. ನಮ್ಮ ಗಂಟಲನ್ನು ಬಿಚ್ಚುಕತ್ತಿಯ ಕೆಳಗೆ ಒಡ್ಡಿ ನಿದ್ದೆಹೋಗುವಷ್ಟು ನಂಬಿಕೆಯನ್ನು ನಾವು ತಲೆಮಾರುಗಳಿಂದ ಈ ವೃತ್ತಿಯವರ ಮೇಲೆ ಇರಿಸಿದೆವು. ಆದರೆ ಮನೆಯ ಜಗಲಿಯಲ್ಲಿ ಅವರಿಗೆ ಮಣೆಯನ್ನಿಕ್ಕಲಿಲ್ಲ. ಬುದ್ಧದೇವನ ಕಾಲದಲ್ಲಿ ಶಾಕ್ಯರ ಕ್ಷೌರಿಕನಾಗಿದ್ದ ಉಪಾಲಿಯು, ಶಾಕ್ಯ ರಾಜಕುಮಾರರ ಬೇಡಿಕೆಯಂತೆಯೇ ಅವರಿಗಿಂತ ಮೊದಲು ದೀಕ್ಷೆಯನ್ನು ಪಡೆದನು. ಕುಲದ ಹೆಮ್ಮೆ ಮುರಿಯುವಂತೆ ಅವರು ಆತನಿಗೆ ನಮಸ್ಕರಿಸಬೇಕಾಯಿತು. ವಿನಯಶಾಸ್ತ್ರದಲ್ಲಿ ಆತನೇ ಅಗ್ರಗಣ್ಯನಾದನು. ಬೌದ್ಧಭಿಕ್ಷುವಿನ ಎಂಟು ಪರಿಕರಗಳಲ್ಲಿ ಕ್ಷೌರಕತ್ತಿಯೂ ಒಂದು. ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಬಳಿಯಲ್ಲಿ ಸದಾ ಇದ್ದ ಹಡಪದ ಅಪ್ಪಣ್ಣನವರೂ, ಅವರ ಪತ್ನಿ ಲಿಂಗಮ್ಮನವರೂ ವಚನಕಾರರು. ಉತ್ತರ ಕರ್ಣಾಟಕದಲ್ಲಿ ಈ ವೃತ್ತಿಯ ಸಮಾಜವು ಇಂದಿಗೂ ಹಡಪದ ಎಂಬ ಹೆಸರನ್ನು ಹೊತ್ತಿದೆ. ಪಠ್ಯದಲ್ಲಿ ಅವರ ವಚನಗಳನ್ನು ಪಾಠಮಾಡುವ ಅಧ್ಯಾಪಕನೇ ಬೀದಿಯಲ್ಲಿ ಅವರ ವೃತ್ತಿಯ ಹೆಸರನ್ನು ಬೈಗುಳವಾಗಿ ಕೇಳಿ ಸುಮ್ಮನಿರುವುದುಂಟು.

ಈ ಕತ್ತಿಗೆ ಇನ್ನೊಂದು ಮೈಯೂ ಇದೆ. ಅದನ್ನು ಮುಚ್ಚಿಟ್ಟರೆ ಮಾತು ಪಕ್ಷಪಾತವಾಗುತ್ತದೆ. ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಆಂಗ್ಲ ಕ್ಷೌರಿಕನೊಬ್ಬನು ಗಾಂಧೀಜಿಯವರ ಕೂದಲನ್ನು ಕತ್ತರಿಸಲು ತಿರಸ್ಕಾರದಿಂದ ನಿರಾಕರಿಸಿದನು. ಅವರು ಯಂತ್ರವೊಂದನ್ನು ಕೊಂಡು, ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು, ಹಿಂಭಾಗ ಕೆಟ್ಟಿತು, ನ್ಯಾಯಾಲಯದಲ್ಲಿ ಮಿತ್ರರು ಇಲಿ ತಿಂದಿತೇ ಎಂದು ಕೇಳಿದರು. ಆತ್ಮಕಥೆಯಲ್ಲಿ ಇದನ್ನು ವಿನೋದವಾಗಿ ಹೇಳಿದ ಬಳಿಕ ಅವರು ಆ ಕ್ಷೌರಿಕನನ್ನು ದೂಷಿಸುವುದಿಲ್ಲ. ಕರಿಯರ ಸೇವೆ ಮಾಡಿದರೆ ಆತನ ಗಿರಾಕಿಗಳು ಹೋಗುತ್ತಿದ್ದರು. ನಮ್ಮ ಕ್ಷೌರಿಕರು ಅಸ್ಪೃಶ್ಯರ ಸೇವೆ ಮಾಡದಂತೆ ನಾವೇ ತಡೆದಿಲ್ಲವೇ ಎಂಬುದು ಅವರ ಪ್ರಶ್ನೆ. ನಮ್ಮ ದೇಶದ ಹಳ್ಳಿಗಳಲ್ಲಿ ದಲಿತರಿಗೆ ಕುರ್ಚಿಯನ್ನು ನಿರಾಕರಿಸಿದ ವಾರ್ತೆಗಳು ಈ ಶತಮಾನದಲ್ಲಿಯೂ ಪತ್ರಿಕೆಗಳಲ್ಲಿ ಬಂದಿವೆ. ಅಂಗಡಿಯವನ ಮೇಲೆ ಮಾತ್ರ ಬೆರಳು ತೋರಿಸುವವರು, ಆತನ ಉಳಿದ ಗಿರಾಕಿಗಳು ಯಾರೆಂಬುದನ್ನು ಕೇಳಲಿ.

ನಮ್ಮ ಪೇಟೆಯ ಅಂಗಡಿಗಳಲ್ಲಿ ಈಗ ಮಸೆದು ಬಳಸುವ ಕತ್ತಿಯ ಸ್ಥಾನದಲ್ಲಿ, ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಸಿಕ್ಕಿಸುವ ಹಿಡಿ ಬಂದಿದೆ. ಅದು ಆಗಬೇಕಾಗಿದ್ದ ಬದಲಾವಣೆಯೇ. ಭಾರತದಲ್ಲಿ ಎಚ್‌ಐವಿ ೧೯೮೬ರಲ್ಲಿ ಪತ್ತೆಯಾಯಿತು. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ, ಸಿ ರೋಗಗಳೂ ರಕ್ತದ ಮೂಲಕ ಹರಡುವಂಥವು. ಒಂದೇ ಕತ್ತಿ ಹತ್ತು ಮುಖಗಳ ಮೇಲೆ ಹೋಗುವುದು ಎಂದೂ ಸಲ್ಲದು. ನಿಮ್ಮ ಕಣ್ಣೆದುರಿನಲ್ಲಿಯೇ ಹೊಸ ಬ್ಲೇಡು ಹಾಕುವಂತೆ ಕೇಳುವುದರಲ್ಲಿ ಅವಮರ್ಯಾದೆಯಿಲ್ಲ. ಹಾಗೆಯೇ ಮನೆಯಲ್ಲಿ ತಂದೆಯ ಕತ್ತಿ ತಂದೆಗೆ, ಮಗನ ಕತ್ತಿ ಮಗನಿಗೆ. ಆದರೆ ಬ್ಲೇಡು ಬಂದ ಮೇಲೆ ಮಸೆಗಲ್ಲು ಮೂಲೆಗೆ ಬಿತ್ತು, ಚರ್ಮದ ಪಟ್ಟಿ ಗೋಡೆಯಿಂದ ಇಳಿಯಿತು. ಆ ಹಿರಿಯರ ಮಕ್ಕಳಿಬ್ಬರೂ ಬೇರೆ ಉದ್ಯೋಗದಲ್ಲಿದ್ದಾರೆ. ಅವರಿಗೆ ಆ ವಿದ್ಯೆ ಬಾರದು. ಬರಬೇಕೆಂದು ತಂದೆಯೂ ಬಯಸಲಿಲ್ಲ. ಹಾಗೆ ಬಯಸದಿರಲು ಅವರಿಗಿದ್ದ ಕಾರಣಗಳನ್ನು ನಾವು ಕೇಳಿ ತಿಳಿದಿದ್ದೇವೆ. ಅವನ್ನು ಹೇಳುವ ಹಕ್ಕು ಅವರದು.

ಅವರು ಈ ದಿನ ನಮ್ಮ ಕರೆಯನ್ನು ಮನ್ನಿಸಿ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಹೆಸರನ್ನು ಅಚ್ಚುಮಾಡಬಾರದೆಂದು ಅವರ ಅಪ್ಪಣೆ. ಈ ಭಾಷಣದ ಬಳಿಕ ಯಕ್ಷಗಾನಕ್ಕೆ ರಂಗಸ್ಥಳ ಸಿದ್ಧವಾಗುವಷ್ಟರಲ್ಲಿ ಅರ್ಧ ಗಂಟೆಯ ಬಿಡುವಿದೆ. ಆ ಹೊತ್ತಿನಲ್ಲಿ ಬಲಗಡೆಯ ಮೇಜಿನ ಬಳಿ ಅವರು ಪಟ್ಟಿಯ ಮೇಲೆ ಕತ್ತಿಯನ್ನು ತೀಡಿ ತೋರಿಸಲು ಒಪ್ಪಿದ್ದಾರೆ. ಹುಡುಗರು ಸಾಲಾಗಿ ಬಂದು, ಮೂರಡಿ ದೂರದಲ್ಲಿ ನಿಂತು ಮೊದಲು ಕಣ್ಣುಮುಚ್ಚಿ ಆ ಸದ್ದನ್ನು ಕೇಳಬೇಕು. ಕತ್ತಿಯನ್ನು ಮುಟ್ಟಲು ಯಾರಿಗೂ ಅನುಮತಿಯಿಲ್ಲ. ಪಟ್ಟಿಯನ್ನು ಮುಟ್ಟಬಹುದು.